ಸೊನ್ನೆಗೆ ಕಟ್ಟಿದ ಚೀಟಿ

ಹೋದ ತಿಂಗಳು ಅಡಿಲೇಡ್‌ನಿಂದ ಸರ್ ಅವರ ಹೆಂಡತಿ, ಆಂಟಿಯ ಫೋನ್ ಬಂತು. "ನಿನ್ನ ಚೀಟಿ ಇನ್ನೂ ಇಲ್ಲೇ ಇದೆ ಕಣಮ್ಮಾ. ಬಂದು ತೆಗೀತೀಯಾ?" ಎಂದರು. ಸರ್ ತೀರಿಕೊಂಡು ಆಗ ಹದಿನೆಂಟು ದಿನವಾಗಿತ್ತು. ಅಂತ್ಯಕ್ರಿಯೆಗೆ ನಾನು ಹೋಗಿರಲಿಲ್ಲ. ಬ್ರಿಸ್ಬೇನ್‌ನ ನಮ್ಮ ಮನೆಯಲ್ಲಿ ಆ ವಾರ ಎಲ್ಲರೂ ಜ್ವರದಲ್ಲಿ ಮಲಗಿದ್ದೆವು. ಯಾವ ಚೀಟಿ ಎಂದು ನಾನು ಕೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೇ ಸಹಿ ಹಾಕಿ ಕಟ್ಟಿದ ಕೆಂಪು ಚೀಟಿ ಅದು. ಅದನ್ನು ತೆಗೆಯುವ ಹಕ್ಕು ನನ್ನೊಬ್ಬಳಿಗೇ ಇದೆ ಎಂದು ಕೊನೆಯವರೆಗೂ ನಂಬಿದ್ದ ಮನುಷ್ಯ ಈಗ ಇರಲಿಲ್ಲ. ಶುಕ್ರವಾರದ ವಿಮಾನಕ್ಕೆ ಟಿಕೆಟ್ ಮಾಡಿಸಿದೆ.

ಸರ್‌ಗೂ ಅಪ್ಪ ಅಮ್ಮ ಇಟ್ಟ ಒಂದು ಹೆಸರಿತ್ತು. ಅದನ್ನು ಕೆಡಿಸಿದವಳು ನಾನು. ಮೈಸೂರಿನಿಂದ ಪರ್ತ್‌ಗೆ ಬಂದು, ಅಲ್ಲಿಂದ ಎರಡು ಗಂಟೆ ವಿಮಾನದಲ್ಲಿ ಹೋಗಬೇಕಾದ ಕಬ್ಬಿಣದ ಅದಿರಿನ ಗಣಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಸೇರಿದಾಗ ಅವರು ನನ್ನ ಸೂಪರ್‌ವೈಸರ್. ಸಂಡೂರಿನ ಗಣಿ ಕಾಲೊನಿಯಲ್ಲಿ ಹುಟ್ಟಿ ಬೆಳೆದವರು, ಐವತ್ತೈದು ದಾಟಿದವರು. ಈ ದೇಶದಲ್ಲಿ ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯಬೇಕು. ಅಪ್ಪನ ವಯಸ್ಸಿನವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ವಾಕಿಟಾಕಿಯಲ್ಲಿ "ಸರ್, ಕೇಳಿಸ್ತಾ ಸರ್?" ಎಂದು ಕೂಗುತ್ತಿದ್ದೆ. ಹದಿನೈದು ದಿನದಲ್ಲಿ ಇಡೀ ಗಣಿ ಅದೇ ಅವರ ಹೆಸರೆಂದು ತಿಳಿದುಕೊಂಡಿತು. ತೋಳಿನ ತುಂಬ ಹಚ್ಚೆ ಇದ್ದ ಆರಡಿ ಫಿಟ್ಟರುಗಳೆಲ್ಲ "ಗುಡ್ ಡೇ, ಸರ್" ಎನ್ನತೊಡಗಿದರು. ಯಾರೋ ಅವರ ಹೆಲ್ಮೆಟ್ ಮೇಲೂ ದಪ್ಪಕ್ಷರದಲ್ಲಿ ಹಾಗೇ ಬರೆದರು. ಅವರು ನನ್ನನ್ನು ಕರೆದು, "ಊರಲ್ಲಿ ಹದಿನೆಂಟು ವರ್ಷ ಸರ್ವೀಸ್ ಮಾಡಿದ್ರೂ ಯಾರೂ ನನ್ನನ್ನ ಸರ್ ಅಂದಿರ್ಲಿಲ್ಲ. ನೀನು ಬಂದು ಬಿಟ್ಟಿ ಪ್ರಮೋಷನ್ ಕೊಡ್ಸಿಬಿಟ್ಟೆ" ಎಂದರು. ಅವತ್ತು ಅವರು ಬೈಯುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ.

ಮುಖ ನೋಡಿ ತಿಳಿಯುವ ಮನುಷ್ಯ ಅವರಲ್ಲ. ಏನಿದ್ದರೂ ಕೈ ನೋಡಬೇಕಿತ್ತು. ಒಂದು ಮೋಟಾರು ಬಿಚ್ಚಿದರೆ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅಂಟುಪಟ್ಟಿಯ ಮೇಲೆ ಸಾಲಾಗಿ ಅಂಟಿಸುತ್ತಿದ್ದರು. ನಾನು ಏನಾದರೂ ವಿವರಿಸಲು ಹೋದರೆ "ಹೇಳ್ಬೇಡ, ತೋರ್ಸು" ಎನ್ನುತ್ತಿದ್ದರು. ಗಣಿಯ ಕ್ಯಾಂಟೀನಿನಲ್ಲಿ ಮೀನಿನ ಪಕ್ಕ ಇಟ್ಟಿರುವ ನಿಂಬೆಹೋಳುಗಳನ್ನು ಯಾರೂ ನೋಡದ ಹಾಗೆ ಎತ್ತಿಕೊಂಡು ಬಂದು, ಬರೀ ಅನ್ನಕ್ಕೆ ಹಿಂಡಿ, ಜೇಬಿನ ಪೊಟ್ಟಣದಿಂದ ಒಗ್ಗರಣೆ ಉದುರಿಸಿ ಚಿತ್ರಾನ್ನ ಮಾಡಿಕೊಳ್ಳುತ್ತಿದ್ದರು. ಊಟ ಮುಗಿಯಿತೆಂದರೆ ಎಡಜೇಬನ್ನು ಎರಡು ಸಲ ತಟ್ಟಿ ಏಳುತ್ತಿದ್ದರು. ಸಿಗರೇಟಿನ ಪ್ಯಾಕ್ ಇದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ ಅದು. ಪರ್ತ್‌ನಲ್ಲಿ ನಮ್ಮವರ ಯಾವ ಸಮಾರಂಭವಿದ್ದರೂ ಅವರು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು, ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಲು ಅನುಕೂಲ ಎಂದು. ಮಕ್ಕಳ ಬಾಯಲ್ಲಿ ಅವರು "ಡೋರ್ ಅಂಕಲ್".

ಚೀಟಿಯ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಗಣಿಯಲ್ಲಿ ಒಂದು ಯಂತ್ರವನ್ನು ರಿಪೇರಿಗೆ ನಿಲ್ಲಿಸಿದರೆ, ಅದರ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಸ್ವಿಚ್ಚಿಗೆ ತಮ್ಮ ಹೆಸರಿನ ಕೆಂಪು ಚೀಟಿ ಕಟ್ಟಬೇಕು. ಹೆಸರು, ಸಹಿ, ಕಾರಣ. ಆ ಚೀಟಿ ಇರುವವರೆಗೆ ಯಂತ್ರ ಶುರುವಾಗುವಂತಿಲ್ಲ, ಏಕೆಂದರೆ ಒಳಗೆ ಯಾರದೋ ಕೈ ಇರಬಹುದು, ತಲೆ ಇರಬಹುದು. ಕಟ್ಟಿದವನೇ ಅದನ್ನು ತೆಗೆಯಬೇಕು. ಇನ್ನೊಬ್ಬರ ಚೀಟಿ ಮುಟ್ಟಿದವನಿಗೆ ಅದೇ ದಿನ ಕೆಲಸ ಹೋಗುತ್ತದೆ. ಮರೆತು ಮನೆಗೆ ಹೋದರೆ ವಾಪಸ್ ಕರೆಸುತ್ತಾರೆ, ವಿಮಾನದಲ್ಲಿ ಹೋಗಿದ್ದರೂ ಸರಿ. ಸರ್ ಇದಕ್ಕೆ ತಮ್ಮದೊಂದು ನಿಯಮ ಸೇರಿಸಿದ್ದರು. ಚೀಟಿ ತೆಗೆಯುವ ಮೊದಲು ಗಟ್ಟಿಯಾಗಿ "ಕೆಲಸ ಮುಗೀತಾ?" ಎಂದು ಕೇಳಬೇಕು, ಒಳಗಿನಿಂದ ಉತ್ತರ ಬರುವ ತನಕ ಕಾಯಬೇಕು. ಉತ್ತರ ಬರದಿದ್ದರೆ ತೆಗೆಯಕೂಡದು. ಇದನ್ನು ಅವರು ನನಗೆ ಮೊದಲ ದಿನವೇ ಕಲಿಸಿದರು, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ.

ಅವರ ಮಗಳು ಅಡಿಲೇಡ್‌ನಲ್ಲಿ ಡಾಕ್ಟರ್. ಮದುವೆಯಾಗಿ ಆರು ವರ್ಷಕ್ಕೆ ಬಸಿರಾದಳು. ಎರಡನೇ ತಿಂಗಳಲ್ಲಿ ಫೋನ್ ಮಾಡಿ ಸಿಹಿ ಸುದ್ದಿ ಹೇಳಿ, ಅದೇ ಉಸಿರಿನಲ್ಲಿ ಒಂದು ಮಾತು ಸೇರಿಸಿದಳಂತೆ: "ಅಪ್ಪಾ, ಈ ಸಲ ಜೋಕ್ ಅಲ್ಲ. ನೀವು ಹೊಗೆ ಬಿಡೋ ತನಕ ಮಗು ನಿಮ್ಮ ಕೈಗೆ ಕೊಡಲ್ಲ." ಅವರು ಇದನ್ನು ನನಗೆ ಹೇಳುವಾಗ ಕೈಯಲ್ಲಿ ಸಿಗರೇಟು ಉರಿಯುತ್ತಿತ್ತು. "ಮೂವತ್ತೇಳು ವರ್ಷ ಕಣಮ್ಮಾ. ಏಳು ತಿಂಗಳಿದೆ. ಆಗ್ಬೇಕು" ಎಂದರು. ಆಗತ್ತಾ ಎಂದು ಅವರು ಕೇಳಲಿಲ್ಲ. ಆ "ಆಗ್ಬೇಕು" ಎನ್ನುವುದನ್ನು ನಾನು ಅದಿರು ಸಾಗಿಸುವ ಕನ್ವೇಯರ್ ಕೆಟ್ಟಾಗ ಎಷ್ಟೋ ಸಲ ಕೇಳಿದ್ದೆ, ಮತ್ತು ಆಗದೆ ಇದ್ದದ್ದು ನನಗೆ ನೆನಪಿಲ್ಲ.

ಹಿಂದೆ ಎರಡು ಸಲ ಬಿಟ್ಟು ಮತ್ತೆ ಹಿಡಿದಿದ್ದರು. ಈ ಸಲ ಅಂಗಡಿಯ ಇ-ಸಿಗರೇಟು ತಂದರು. ನಿಕೋಟಿನ್ ದ್ರವಕ್ಕೆ ಡಾಕ್ಟರ ಚೀಟಿ ಬೇಕು. ಮಗಳು ಬರೆಯಲಿಲ್ಲ, ಬೇರೊಬ್ಬ ಡಾಕ್ಟರು ಬರೆದುಕೊಟ್ಟರು. ನಾಲ್ಕು ದಿನ ಸೇದಿ ಅದನ್ನು ನನ್ನ ಮೇಜಿನ ಮೇಲೆ ಎಸೆದರು. "ಇದು ಯಂತ್ರಾನಾ? ಬೆಳಿಗ್ಗೆ ಬ್ಯಾಟರಿ ತುಂಬಿದ್ದಾಗ ಬಾಯಿ ತುಂಬ ಹೊಗೆ, ಊಟದ ಹೊತ್ತಿಗೆ ಬರೀ ಗಾಳಿ. ವೋಲ್ಟೇಜ್ ಅದರ ಇಷ್ಟ ಬಂದ ಹಾಗೆ ಇಳೀತಾ ಇದ್ರೆ ನಾನು ಏನನ್ನ ಇಳಿಸ್ಲಿ? ಮೊದಲು ಒಂದೇ ಸಮ ನಿಲ್ಲಿಸ್ಬೇಕು. ನಿಂತ ಮೇಲೆ ತಾನೇ ಇಳಿಸೋದು!" ನನಗೆ ನಗು ಬಂತು. ಚಟ ಬಿಡುವುದಕ್ಕೆ ಜನ ದೇವರಿಗೆ ಹರಕೆ ಹೊರುತ್ತಾರೆ. ಇವರು ಒಂದು ಪವರ್ ಸಪ್ಲೈ ಕಟ್ಟಲು ಹೊರಟರು.

ಆರು ದಿನದ ರಜೆಯಲ್ಲಿ ಪರ್ತ್‌ನ ಮನೆಯ ಗ್ಯಾರೇಜಿನಲ್ಲಿ ಅದು ತಯಾರಾಯಿತು. ಎರಡು ಲಿಥಿಯಂ ಸೆಲ್ಲು, ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಉಗುರಿನಷ್ಟು ಅಗಲದ ಒಂದು ಸರ್ಕ್ಯೂಟು, ಒತ್ತುವ ಒಂದು ಸ್ವಿಚ್ಚು, ವೋಲ್ಟೇಜ್ ಏರಿಸಿ ಇಳಿಸಲು ತಿರುಗಿಸುವ ಒಂದು ಗುಂಡಿ. ಮೊದಲನೆಯದನ್ನು ಆಂಟಿಯ ಲವಂಗದ ಸ್ಟೀಲ್ ಡಬ್ಬಿಯಲ್ಲಿ ಕಟ್ಟಿದರು. ಒಳಗಿನ ತಂತಿ ಡಬ್ಬಿಗೆ ತಾಗಿ ಚಟ್ ಎಂದು ಫ್ಯೂಸು ಹೋಯಿತು. ಅವರಿಗೆ ಬೇಸರವಾಗಲಿಲ್ಲ, ಖುಷಿಯಾಯಿತು. "ನೋಡಿದ್ಯಾ, ಮೊದಲು ಫ್ಯೂಸು, ಆಮೇಲೆ ಆಸೆ. ಫ್ಯೂಸ್ ಇಲ್ಲದೆ ಇದನ್ನ ಬಾಯಿಗಿಟ್ಟವನ ಹಲ್ಲು ಪಕ್ಕದ ಮನೆಯವರ ಅಂಗಳದಲ್ಲಿ ಸಿಗತ್ತೆ" ಎಂದರು. ಎರಡನೆಯದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಗಾಳಿಯಾಡಲು ತೂತು ಕೊರೆದು ಕಟ್ಟಿದರು. ಮೀಟರ್ ಇಟ್ಟು ತೋರಿಸಿದರು. ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ, ಮುಳ್ಳು ಅಲುಗಲಿಲ್ಲ. ಡಬ್ಬಿ ಮಾತ್ರ ನೋಡಲು ಚೆನ್ನಾಗಿರಲಿಲ್ಲ, ಏಕೆಂದರೆ ಅದರ ನೆತ್ತಿಯ ಮೇಲಿದ್ದದ್ದು ಮಿಕ್ಸಿಯ ಗುಂಡಿ.

ಆಂಟಿ ಬೆಂಗಳೂರಿನಿಂದ ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದ ಮಿಕ್ಸಿ ಅದು, ತೌರಿನವರು ಕೊಟ್ಟದ್ದು. ಗುಂಡಿಯ ಮೇಲೆ ಸೊನ್ನೆ, ಒಂದು, ಎರಡು, ಮೂರು ಎಂದು ಕೆತ್ತಿತ್ತು. ಸರ್‌ಗೆ ಬೇಕಾಗಿದ್ದದ್ದೂ ಅದೇ. ಮಿಕ್ಸಿ ಕೆಟ್ಟಿದೆಯಾ ಎಂದು ಕೇಳಿದೆ. "ಇಲ್ಲ, ಚೆನ್ನಾಗೇ ಇದೆ. ಗುಂಡಿ ಒಂದು ಇಲ್ಲ ಅಷ್ಟೆ" ಎಂದರು. ಆಂಟಿ ಅಡುಗೆಮನೆಯಿಂದಲೇ, "ನಾನು ಇಕ್ಕಳದಲ್ಲಿ ತಿರುಗಿಸ್ತಾ ಇದೀನಿ ಕಣಮ್ಮಾ. ಚಟ್ನಿ ರುಬ್ಬೋಕೆ ಟೂಲ್ ಬಾಕ್ಸ್ ಬೇಕು ಈ ಮನೇಲಿ" ಎಂದು ಕೂಗಿದರು. ಏಳು ತಿಂಗಳಾದ ಮೇಲೆ ವಾಪಸ್ ಕೊಡುತ್ತೇನೆ ಎಂದು ಸರ್ ಮಾತು ಕೊಟ್ಟರು.

ಅಂದೇ ಸಿಗರೇಟು ನಿಲ್ಲಿಸಿದರು. ಮೂರರಿಂದ ಸೊನ್ನೆಯವರೆಗೆ ಡಬ್ಬಿಯ ಮೇಲೆ ಕಮಾನಿನಂತೆ ಹದಿನಾಲ್ಕು ಸಣ್ಣ ತೂತು ಕೊರೆದಿದ್ದರು, ಗುಂಡಿಯ ಅಂಚಿಗೊಂದು. ಎಂಟು ದಿನ ಗಣಿ, ಆರು ದಿನ ಮನೆ. ಆ ಹದಿನಾಲ್ಕು ದಿನಕ್ಕೊಮ್ಮೆ ಗುಂಡಿ ಒಂದು ತೂತು ಇಳಿಯಬೇಕು. ಅದಕ್ಕೆ ತಕ್ಕಂತೆ ಡಾಕ್ಟರು ದ್ರವದ ನಿಕೋಟಿನ್ನನ್ನೂ ಇಳಿಸುತ್ತಾ ಬರುತ್ತಾರೆ. ಗಣಿಗೆ ಮರಳಿದ ದಿನ ಅವರು ಡಬ್ಬಿಯನ್ನೂ ಒಂದು ಖಾಲಿ ಕೆಂಪು ಚೀಟಿಯನ್ನೂ ನನ್ನ ಮುಂದಿಟ್ಟರು.

"ಗುಂಡಿ ತಿರುಗದ ಹಾಗೆ ತಂತಿ ತೂರ್ಸಿ ನಿನ್ನ ಚೀಟಿ ಕಟ್ಟು."

"ನಿಮ್ಮದೇ ಕಟ್ಕೊಳ್ಳಿ ಸರ್."

"ನನ್ನ ಚೀಟಿ ನಾನು ತೆಗೀಬಹುದು. ಅದೇ ತೊಂದ್ರೆ. ನಿನ್ನದು ತೆಗೆಯೋ ಹಕ್ಕು ನನಗಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ಚೀಟೀನೂ ಮುಟ್ಟಿಲ್ಲ ನಾನು. ಈಗ್ಲೂ ಮುಟ್ಟಲ್ಲ."

ನಾನು ಹೆಸರು ಬರೆದೆ, ಸಹಿ ಹಾಕಿದೆ. ಕಾರಣ ಎಂಬಲ್ಲಿ ತಮಾಷೆಗೆ "ಮೊಮ್ಮಗು" ಎಂದು ಬರೆಯಹೋದೆ. ಪೆನ್ನು ಕಿತ್ತುಕೊಂಡು ತಾವೇ ಬರೆದರು: "ಕೆಲಸ ನಡೆಯುತ್ತಿದೆ."

ಹದಿನಾಲ್ಕು ದಿನಕ್ಕೊಮ್ಮೆ ನಾನೇ ಚೀಟಿ ಬಿಚ್ಚಿ, ಅವರು ಗುಂಡಿಯನ್ನು ಒಂದು ತೂತು ಇಳಿಸಿದ ಮೇಲೆ ಮತ್ತೆ ಕಟ್ಟುತ್ತಿದ್ದೆ. ಗುಂಡಿ ಇಳಿಯುತ್ತಾ ಹೋಯಿತು, ಅವರ ಸಿಟ್ಟು ಏರುತ್ತಾ ಹೋಯಿತು. ಈ ದೇಶದಲ್ಲಿ ಟೀ ಬಿಡುವಿಗೆ "ಸ್ಮೋಕೊ" ಎನ್ನುತ್ತಾರೆ. ದಿನಕ್ಕೆರಡು ಸಲ ಇಡೀ ಗಣಿ "ಸ್ಮೋಕೊ!" ಎಂದು ಕೂಗುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. "ಟೀ ಕುಡಿಯೋಕೂ ಹೊಗೆ ಹೆಸರು ಇಟ್ಟಿದಾರಲ್ಲಮ್ಮಾ, ನಾನು ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದರು. ಆರನೇ ತೂತಿನಲ್ಲಿದ್ದಾಗ, ನಲವತ್ತನಾಲ್ಕು ಡಿಗ್ರಿ ಬಿಸಿಲಿನ ಒಂದು ಮಧ್ಯಾಹ್ನ, ದೊಡ್ಡ ಕನ್ವೇಯರ್ ನಿಂತುಹೋಗಿತ್ತು. ಬೆಳಗಿನಿಂದ ಅದರ ಹೊಟ್ಟೆಯೊಳಗೆ ಕೂತಿದ್ದವರು ಹೊರಬಂದು, ನೇರ ನನ್ನ ಬಳಿ ಬಂದು ಡಬ್ಬಿ ಚಾಚಿದರು.

"ತೆಗಿ ಚೀಟಿ. ಮೂರಕ್ಕೆ ತಿರುಗಿಸಿ ಎರಡೇ ನಿಮಿಷ. ಆಮೇಲೆ ಮತ್ತೆ ಕಟ್ಟು."

ಅವರ ಬೆಲ್ಟಿನಲ್ಲೇ ಇಕ್ಕಳವಿತ್ತು. ಆ ತಂತಿ ಕತ್ತರಿಸಲು ಒಂದು ಕ್ಷಣ ಸಾಕು. ಆದರೂ ನನ್ನನ್ನು ಕೇಳಲು ಅಷ್ಟು ದೂರ ನಡೆದುಬಂದಿದ್ದರು. ನನಗೆ ತೆಗೆದುಬಿಡೋಣ ಎನಿಸಿತು, ನಿಜ ಹೇಳುತ್ತೇನೆ. ಅಷ್ಟು ದೊಡ್ಡ ಮನುಷ್ಯ ನನ್ನೆದುರು ಹಾಗೆ ನಿಂತದ್ದು ನೋಡಲಾಗಲಿಲ್ಲ. ಬಾಯಿಂದ ಬಂದದ್ದು ಅವರೇ ಕಲಿಸಿದ ಮಾತು.

"ಕೆಲಸ ಮುಗೀತಾ ಸರ್?"

"ನನ್ನ ಪಾಠ ನನಗೇ ಹೇಳ್ತೀಯಾ?"

"ಮುಗೀತು ಅನ್ನಿ, ಈಗ್ಲೇ ತೆಗೀತೀನಿ."

ಒಂದು ನಿಮಿಷ ನನ್ನನ್ನು ದುರುಗುಟ್ಟಿ ನೋಡಿದರು. "ಇಲ್ಲ" ಎಂದರು. ಡಬ್ಬಿ ಜೇಬಿಗೆ ಹಾಕಿಕೊಂಡು ಮತ್ತೆ ಕನ್ವೇಯರ್ ಒಳಗೆ ಹೋದರು. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ಊಟದ ಹೊತ್ತಿಗೆ ನನ್ನ ತಟ್ಟೆಯಲ್ಲಿ ಕದ್ದ ನಿಂಬೆಹೋಳು ಒಂದು ಬಿತ್ತು.

ಹದಿಮೂರನೇ ತೂತಿಗೆ ಬಂದಾಗ ನನ್ನ ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸವಾಯಿತು. ಮನೆ ಖಾಲಿ ಮಾಡುವ ಗಡಿಬಿಡಿ, ಪೆಟ್ಟಿಗೆ ಕಟ್ಟುವ ಗಡಿಬಿಡಿ. ಅಲ್ಲಿನ ಕ್ಯಾಲಮ್‌ವೇಲ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಮೊದಲ ಸಲ ಹಾಲು ಉಕ್ಕಿಸುತ್ತಿದ್ದಾಗ ಸರ್ ಫೋನ್ ಬಂತು. "ಅಮ್ಮಾ, ನಿನ್ನ ಚೀಟಿ ನನ್ನ ಹತ್ರ ಉಳ್ಕೊಂಡಿದೆ." ಚೀಟಿ ಕಟ್ಟಿ ಮರೆತು ಬರುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು, ಮತ್ತು ಅದನ್ನು ನಾನು ಮಾಡಿದ್ದೆ.

"ಕತ್ತರಿಸಿಬಿಡಿ ಸರ್. ನಾನೇ ಹೇಳ್ತಾ ಇದೀನಲ್ಲ."

"ಫೋನಲ್ಲಿ ಹೇಳಿದ್ರೆ ಆಗತ್ತಾ? ಇವತ್ತು ಇಳಿಸೋಕೆ ಕತ್ತರಿಸ್ತೀನಿ, ನಾಳೆ ಏರಿಸೋಕೂ ಕತ್ತರಿಸ್ತೀನಿ. ಮಗು ಇನ್ನು ಹತ್ತು ದಿನದಲ್ಲಿ ಬರತ್ತೆ. ನೀನು ಮನೇಲಿ ಇರ್ತೀಯಾ ಶನಿವಾರ?"

ನಾಲ್ಕೂವರೆ ಗಂಟೆ ಹಾರಿ, ದೇಶದ ಆ ತುದಿಯಿಂದ ಈ ತುದಿಗೆ ಬಂದರು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ತಂತಿಗಳಿರುವ ಆ ಡಬ್ಬಿಯನ್ನು ಹಿಡಿದು ಅರ್ಧ ಗಂಟೆ ಕೂರಿಸಿಕೊಂಡರಂತೆ. ಅವರೋ ಸಂತೋಷದಿಂದ ಸರ್ಕ್ಯೂಟು ಬಿಡಿಸಿ ಪಾಠ ಮಾಡಿದರಂತೆ. ಕೊನೆಗೆ ಮೇಲಧಿಕಾರಿಯೊಬ್ಬ ಚೀಟಿ ನೋಡಿದ. ಹಿಂದೆ ಗಣಿಯಲ್ಲಿದ್ದವನು. ಒಂದೂ ಮಾತಾಡದೆ ಡಬ್ಬಿ ಕೈಗಿಟ್ಟು ಕಳಿಸಿದ ಎಂದು ಹೇಳುವಾಗ ಸರ್ ಮುಖ ಅರಳಿತ್ತು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಇನ್ನೂ ಬಿಚ್ಚದ ಪೆಟ್ಟಿಗೆಗಳ ನಡುವೆ, ನಾನು ಚೀಟಿ ತೆಗೆದೆ. ಅವರು ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಸ್ವಿಚ್ಚು ಒತ್ತಿದರು. ಏನೂ ಬರಲಿಲ್ಲ. ಸೆಲ್ಲುಗಳನ್ನು ಬಿಚ್ಚಿ ತೆಗೆದು, "ಈಗ ಕಟ್ಟು" ಎಂದರು.

"ಇನ್ನೇನಕ್ಕೆ ಸರ್? ಮುಗೀತಲ್ಲ. ಆಂಟಿಗೆ ಗುಂಡಿ ಕೊಡಿ."

"ಯಾರು ಹೇಳಿದ್ರು ಮುಗೀತು ಅಂತ? ಇದು ಉಸಿರು ಇರೋ ತನಕ ಇರೋ ಕೆಲಸ. ಕಟ್ಟು."

ಕಾರಣ ಎಂಬಲ್ಲಿ ಮತ್ತೆ ತಾವೇ ಅದೇ ಮಾತು ಬರೆದರು. ಕೈತೊಳೆದು ಬಿಸಿಬೇಳೆಬಾತ್ ತಿಂದು, ಸಂಜೆಯ ವಿಮಾನಕ್ಕೆ ಹೊರಟುಬಿಟ್ಟರು.

ಮಗು ಹುಟ್ಟಿತು, ಹೆಣ್ಣು. ನಾಮಕರಣಕ್ಕೆ ನಾನೂ ಅಡಿಲೇಡ್‌ಗೆ ಹೋಗಿದ್ದೆ. ಡೋರ್ ಅಂಕಲ್ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಮಗು. ಮೂರು ಗಂಟೆ ಎದ್ದೇಳಲಿಲ್ಲ. ಬೇರೆಯವರು ಎತ್ತಿಕೊಳ್ಳಲು ಬಂದರೆ ಕೊಡಲೂ ಇಲ್ಲ. ಮಗಳು ನನ್ನ ಕಿವಿಯಲ್ಲಿ, "ನಾನು ಸುಮ್ನೆ ಹೆದರ್ಸಿದ್ದು ಅಕ್ಕಾ. ಕೊಡದೆ ಇರ್ತಿದ್ನಾ?" ಎಂದಳು. ಇದನ್ನು ನಾನು ಸರ್‌ಗೆ ಯಾವತ್ತೂ ಹೇಳಲಿಲ್ಲ.

ನಿವೃತ್ತಿಯಾದ ಮೇಲೆ ಅವರೂ ಆಂಟಿಯೂ ಅಡಿಲೇಡ್‌ನ ಸ್ಯಾಲಿಸ್‌ಬರಿಗೆ, ಮಗಳ ಮನೆಗೆ ಬಂದುಬಿಟ್ಟರು. ರೈಲು ಹತ್ತಿ, ಟ್ರಾಮ್ ಹತ್ತಿ, ಮೊಮ್ಮಗಳನ್ನು ಗ್ಲೆನೆಲ್ಗ್‌ನ ಕಡಲತೀರದ ಜೆಟ್ಟಿಗೆ ಕರೆದುಕೊಂಡು ಹೋಗುವುದು ವಾರದ ಕೆಲಸ. ಅಲ್ಲಿ ಗಾಳ ಹಾಕುವವರು ಸಿಗರೇಟು ಹಚ್ಚಿದರೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ ಆಚೆ ಸರಿದು ನಿಲ್ಲುತ್ತಿದ್ದರಂತೆ. ಎಡಜೇಬು ತಟ್ಟುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಅಲ್ಲಿ ಈಗ ಚೀಟಿ ಕಟ್ಟಿದ ಖಾಲಿ ಡಬ್ಬಿ ಇರುತ್ತಿತ್ತು. ಅದರ ಭಾರಕ್ಕೆ ಎಲ್ಲ ಅಂಗಿಗಳ ಜೇಬೂ ಜೋತುಬಿದ್ದಿದ್ದವು ಎಂದು ಆಂಟಿ ಬೈಯುತ್ತಿದ್ದರು.

ಶುಕ್ರವಾರ ಅವರ ಮನೆಗೆ ಹೋದೆ. ಮಗಳು ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. "ಮೂವತ್ತೇಳು ವರ್ಷ ಸೇದಿದ್ದು ಒಳಗೆ ಇದ್ದೇ ಇತ್ತು ಅಕ್ಕಾ. ಲಂಗ್ಸ್ ಅಷ್ಟು ಹೋಗಿತ್ತು. ಆದ್ರೆ ಅವತ್ತು ಬಿಡದೆ ಇದ್ದಿದ್ರೆ ಹನ್ನೊಂದು ವರ್ಷ ಎಲ್ಲಿ ಸಿಗ್ತಿತ್ತು? ಒಂದು ಸಲಾನೂ ಹಿಂದೆ ಹೋಗ್ಲಿಲ್ಲ ಅಪ್ಪ" ಎಂದಳು. ಡಾಕ್ಟರಾಗಿ ಶುರುಮಾಡಿದ ಮಾತು ಮಗಳಾಗಿ ಮುಗಿಯಿತು. ನಾವಿಬ್ಬರೂ ಅಲ್ಲೇ ನಿಂತು ಅತ್ತೆವು.

ಆಂಟಿ ಅಡುಗೆಮನೆಯಲ್ಲಿದ್ದರು. ಕಟ್ಟೆಯ ಮೇಲೆ ಅದೇ ಮಿಕ್ಸಿ, ಪಕ್ಕದಲ್ಲಿ ಅದೇ ಇಕ್ಕಳ. ನಾನು ನೋಡುತ್ತಲೇ ನಿಂತುಬಿಟ್ಟೆ. ಏಳು ತಿಂಗಳೆಂದು ಕೊಟ್ಟ ಗುಂಡಿ ಹನ್ನೊಂದು ವರ್ಷವಾದರೂ ವಾಪಸ್ ಬಂದಿರಲಿಲ್ಲ.

"ಐ ಟೋಲ್ಡ್ ಹರ್ ಟು ಬೈ ಎ ನ್ಯೂ ಒನ್," ಎಂದಳು ಮೊಮ್ಮಗಳು, ಬಾಗಿಲಿಗೆ ಒರಗಿ.

"ಬೇರೆ ಗುಂಡಿ ಹಾಕಿಸ್ಕೋಬಹುದಿತ್ತಲ್ಲ ಆಂಟಿ?"

"ಹಾಕಿಸ್ಕೊಂಡಿದ್ರೆ ಅವರು ಆ ಗುಂಡಿ ಇನ್ನು ನನಗೆ ಬೇಡ ಅಂದ್ಕೋತಿದ್ರು. ದಿನಾ ಬೆಳಿಗ್ಗೆ ನಾನು ಇಕ್ಕಳ ಹಿಡಿಯೋದು ನೋಡೋರು, ಜೇಬು ತಟ್ಕೊಳ್ಳೋರು. ಇಬ್ರಿಗೂ ನೆನಪಿರ್ಲಿ ಅಂತ ಇಟ್ಕೊಂಡಿದ್ದೆ ಕಣಮ್ಮಾ." ಕಣ್ಣೊರೆಸಿಕೊಂಡು ಡಬ್ಬಿಯನ್ನು ನನ್ನ ಮುಂದಿಟ್ಟರು. "ಮಗಳು ಕತ್ತರಿಸ್ತೀನಿ ಅಂದ್ಲು. ನಾನು ಬಿಡ್ಲಿಲ್ಲ. ಅದು ನಿನ್ನದು."

ಚೀಟಿಯ ಕೆಂಪು ಮಾಸಿ ಗುಲಾಬಿಯಾಗಿತ್ತು. ನನ್ನ ಹೆಸರು ಅರ್ಧ ಅಳಿಸಿತ್ತು. "ಕೆಲಸ ನಡೆಯುತ್ತಿದೆ" ಎಂಬುದು ಮಾತ್ರ ಓದುವಂತಿತ್ತು, ಅಳಿಸಿದಾಗಲೆಲ್ಲ ಅವರು ಅದರ ಮೇಲೇ ಮತ್ತೆ ಬರೆದಿದ್ದರು. ನಾನು ಇಕ್ಕಳ ಕೈಗೆತ್ತಿಕೊಂಡೆ. ಕೈ ಮುಂದೆ ಹೋಗಲಿಲ್ಲ, ಏಕೆಂದರೆ ಕೇಳದೆ ತೆಗೆಯುವಂತಿಲ್ಲ.

"ಕೆಲಸ ಮುಗೀತಾ ಸರ್?" ಎಂದು ಗಟ್ಟಿಯಾಗಿ ಕೇಳಿದೆ.

ಮೊಮ್ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನಾನು ಉತ್ತರಕ್ಕೆ ಕಾದೆ, ನಿಯಮ ಹಾಗಿದೆ. ಫ್ರಿಜ್ಜಿನ ಸದ್ದೊಂದು ಕೇಳುತ್ತಿತ್ತು.

"ಮುಗೀತು," ಎಂದರು ಆಂಟಿ. "ಚೆನ್ನಾಗೇ ಮುಗ್ಸಿದ್ರು. ತೆಗಿ."

ತಂತಿ ಕತ್ತರಿಸಿ ಚೀಟಿ ತೆಗೆದು ನನ್ನ ಪರ್ಸಿನಲ್ಲಿಟ್ಟುಕೊಂಡೆ. ಆಂಟಿ ಗುಂಡಿಯನ್ನು ಎಳೆದು ತೆಗೆದು, ಸೆರಗಿನಿಂದ ಒರೆಸಿ, ಮಿಕ್ಸಿಗೆ ಒತ್ತಿ ಕೂರಿಸಿದರು. ಜಾರಿಗೆ ಕಾಯಿತುರಿ, ಹುರಿಗಡಲೆ, ಮೆಣಸಿನಕಾಯಿ ಹಾಕಿ ಮುಚ್ಚಳವನ್ನು ಅಂಗೈಯಿಂದ ಅದುಮಿ ಹಿಡಿದರು. ಆಮೇಲೆ ಸೊನ್ನೆಯಿಂದ ಒಂದಕ್ಕೆ ತಿರುಗಿಸಿದರು.